ಬೀರಕ್ಕನ ಬೀರುವಿಗೆ ದೀಪ ಬಂದದ್ದು

ಆ ನಾಟಕಮಂದಿರದಲ್ಲಿ ರಂಗದ ಎಡಗಡೆ, ಪಕ್ಕದ ಪರದೆಯಿಂದ ಮೂರೇ ಹೆಜ್ಜೆ ಹಿಂದೆ, ಆಳೆತ್ತರದ ಒಂದು ಮರದ ಬೀರು ನಿಂತಿತ್ತು. ಬೆನ್ನು ರಂಗದ ಕಡೆಗೆ, ಬಾಗಿಲು ಹಿಂದಿನ ಗೋಡೆಯ ಕಡೆಗೆ. ಯಾರ ಮೇಲೋ ಮುನಿಸಿಕೊಂಡು ಮುಖ ತಿರುಗಿಸಿ ನಿಂತವರ ಹಾಗೆ ಕಾಣುತ್ತಿತ್ತು. ನಾಟಕದ ಉಡುಪುಗಳೆಲ್ಲ ಅದರೊಳಗೆ. ಅದರ ಬೀಗದ ಕೈ ಮೂವತ್ತೊಂದು ವರ್ಷಗಳಿಂದ ಒಬ್ಬಳೇ ಹೆಂಗಸಿನ ಸೊಂಟದಲ್ಲಿತ್ತು. ಅವಳಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು, ನಿಜ. ಆದರೆ ಅದು ಆಸ್ಪತ್ರೆಯ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿ ಉಳಿದಿರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವಳು ಬೀರಕ್ಕ.

ಬೀರಕ್ಕ ಅಲ್ಲಿಗೆ ಬಂದದ್ದು ಒಂದು ಮಧ್ಯಾಹ್ನದ ಮಟ್ಟಿಗೆ. ಹರಿದ ಪರದೆಯೊಂದನ್ನು ಹೊಲಿದುಕೊಡಲು ಕರೆಸಿದ್ದರು. ಹೊಲಿಗೆ ಮುಗಿಯುವಷ್ಟರಲ್ಲಿ ತಾಲೀಮು ಶುರುವಾಯಿತು. ಕತ್ತಿ ಬೀಸುವ ಭರದಲ್ಲಿ ಯಾರದೋ ಅಂಗಿಯ ತೋಳು ಕಿತ್ತುಬಂತು. "ಇದೊಂದು ಹಾಕಿಕೊಟ್ಟು ಹೋಗಿಬಿಡಿ ಅಮ್ಮ" ಎಂದರು. ಆ ಹೋಗುವುದು ಇವತ್ತಿನವರೆಗೂ ಆಗಿಲ್ಲ. ಗಂಡ ಸರಕು ಲಾರಿಯ ಚಾಲಕ, ತಿಂಗಳಲ್ಲಿ ಇಪ್ಪತ್ತು ದಿನ ದಾರಿಯ ಮೇಲೆ. "ನನಗೆ ರಸ್ತೆ, ನಿನಗೆ ಬೀರು. ಜಗಳ ಆಡೋಕೆ ನಮಗೆ ಪುರುಸೊತ್ತೇ ಸಿಗಲಿಲ್ಲ ನೋಡು" ಎಂದು ಅವನು ಫೋನಿನಲ್ಲಿ ನಗುತ್ತಿದ್ದ.

ನಾಟಕ ನಡೆಯುವಾಗ ಬೀರುವಿನ ಬಳಿ ದೀಪ ಹಾಕುವಂತಿರಲಿಲ್ಲ. ಪರದೆಯ ಸಂದಿಯಿಂದ ಬೆಳಕಿನ ಒಂದು ಗೆರೆ ಜಾರಿ ರಂಗಕ್ಕೆ ಬಿದ್ದರೂ ಅಲ್ಲಿಯ ಕಾಡು ಕಾಡಾಗಿ ಉಳಿಯುವುದಿಲ್ಲ, ಬಣ್ಣ ಬಳಿದ ಬಟ್ಟೆಯಾಗಿಬಿಡುತ್ತದೆ. ಆದ್ದರಿಂದ ಬೀರಕ್ಕನ ಕೆಲಸವೆಲ್ಲ ಕತ್ತಲಲ್ಲೇ. ಒಂದೊಂದು ಉಡುಪಿನ ಕೊರಳಪಟ್ಟಿಯ ಒಳಗೂ ಅವಳು ದಪ್ಪ ದಾರದ ಗಂಟುಗಳನ್ನು ಹಾಕಿದ್ದಳು. ಒಂದು ಗಂಟೆಂದರೆ ಕಳ್ಳನ ಅಂಗಿ, ಎರಡೆಂದರೆ ವೈದ್ಯನದು, ಅಡ್ಡಗಂಟು ಬಂದರೆ ಮದುಮಗನ ಕೋಟು. ನಟ ರಂಗದಿಂದ ಓಡಿಬಂದು ಕೈ ಚಾಚಿದನೆಂದರೆ ಅವಳ ಬೆರಳು ಕೊರಳಪಟ್ಟಿಗಳ ಮೇಲೆ ಒಮ್ಮೆ ಹರಿದಾಡಿ, ಬೇಕಾದ್ದನ್ನು ಹಿಡಿದು, ಅವನ ತೋಳಿಗೆ ಏರಿಸಿ, ಬೆನ್ನಿಗೊಂದು ಗುದ್ದು ಕೊಟ್ಟು ಕಳಿಸುತ್ತಿತ್ತು. ಆ ಗುದ್ದು ಬೀಳದೆ ಹೋದರೆ ಮಾತೇ ಹೊರಡುವುದಿಲ್ಲ ಎಂದು ಎಷ್ಟೋ ನಟರು ನಂಬಿದ್ದರು.

ಬೀರು ತೆಗೆಯುವ ಮೊದಲು ಅವಳು ಎರಡು ಕ್ಷಣ ಕಣ್ಣು ಮುಚ್ಚಿ ನಿಲ್ಲುವಳು. ದೇವರನ್ನು ಹೆಚ್ಚೇನೂ ಕೇಳುತ್ತಿರಲಿಲ್ಲ. ಇವತ್ತು ನನ್ನ ಕೈಯಿಂದ ಯಾರ ಮಾನವೂ ಹೋಗದಿರಲಿ ಎಂದಷ್ಟೇ. ಉಡುಪಿನ ಕೆಲಸದವರಿಗೆ ಅದು ತಕ್ಕ ಪ್ರಾರ್ಥನೆಯೇ.

ಏಳು ತಿಂಗಳ ಹಿಂದೆ ಆ ಬೆರಳುಗಳು ಮಾತು ನಿಲ್ಲಿಸಿದವು. ಮೊದಲು ಒಂದು ಬಗೆಯ ಜುಮುಜುಮು. ಆಮೇಲೆ ಅದೂ ಇಲ್ಲ. ಗುಂಡಿ ಹೊಲಿಯುವಾಗ ಸೂಜಿ ಚುಚ್ಚಿ ರಕ್ತ ಬಂದದ್ದು ಬಟ್ಟೆಯ ಮೇಲೆ ಚುಕ್ಕೆ ಬಿದ್ದಾಗಲೇ ಗೊತ್ತಾದದ್ದು. ಆಸ್ಪತ್ರೆಯ ವೈದ್ಯೆ ಒಳ್ಳೆಯ ಹೆಂಗಸು, ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ನರಗಳು ದಣಿದಿವೆ ಅಮ್ಮ. ಸಕ್ಕರೆ ಹತೋಟಿಯಲ್ಲಿಟ್ಟರೆ ಇನ್ನೂ ಹೆಚ್ಚಾಗೋದು ತಪ್ಪುತ್ತೆ. ಹೋಗಿದ್ದು ಪೂರ್ತಿ ವಾಪಸ್ ಬರುತ್ತೆ ಅಂತ ಮಾತ್ರ ನಾನು ಹೇಳಲಾರೆ" ಎಂದಳು.

ಬೀರಕ್ಕ ಈ ಮಾತನ್ನು ಗಂಡನಿಗೂ ಹೇಳಲಿಲ್ಲ. ಗಂಟುಗಳು ಕೈಗೆ ಸಿಗದೆ ಹೋದ ಮೇಲೆ ಸಾಲು ಎಣಿಸತೊಡಗಿದಳು: ಎಡದಿಂದ ಮೂರನೆಯದು ವೈದ್ಯ, ಆರನೆಯದು ಕಳ್ಳ. ಪ್ರದರ್ಶನಕ್ಕೆ ಒಂದು ಗಂಟೆ ಮೊದಲೇ ಬಂದು ಸಾಲನ್ನು ಪಾಠದ ಹಾಗೆ ಉರುಹೊಡೆದಳು. ಆದರೆ ನಟರು ಶಿಸ್ತಿನವರಲ್ಲ. ಯಾವನೋ ಒಬ್ಬ ಅವಸರದಲ್ಲಿ ಬಂದು ಸಿಕ್ಕ ಕೊಕ್ಕೆಗೆ ಕೋಟು ನೇತುಹಾಕಿ ಹೋದರೆ ಅವಳ ಪಾಠವೆಲ್ಲ ನೀರಿನಲ್ಲಿ ಹೋಮ.

ಕಡೆಗೆ ಅವಳು ಮೈದುನನನ್ನು ಹಿಡಿದಳು. ಗಂಡನ ತಮ್ಮ, ವೈರಿಂಗ್ ಕೆಲಸದವನು. ಈಚೆಗೆ ಮನೆಮನೆಯ ಅಡಿಗೆಮನೆ, ಬೀರು, ಕಪಾಟುಗಳಿಗೆ ಎಲ್‌ಇಡಿ ಪಟ್ಟಿ ಅಂಟಿಸುವುದೇ ಅವನ ಮುಖ್ಯ ಕಸುಬಾಗಿತ್ತು. ಬಿದಿರ ಕಡ್ಡಿಗೆ ಅಂಗಿ ತೊಡಿಸಿದ ಹಾಗಿದ್ದ.

"ನಮ್ಮ ಬೀರು ಒಳಗೆ ಒಂದು ದೀಪ ಹಾಕಿಕೊಡ್ತೀಯೇನೋ" ಎಂದಳು, ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸುತ್ತ.

"ಮೂವತ್ತೊಂದು ವರ್ಷ ಕತ್ತಲ ಜೊತೆ ಚೆನ್ನಾಗೇ ಸಂಸಾರ ಮಾಡಿದ್ರಲ್ಲ ಅತ್ತಿಗೆ. ಈಗೇನು ವಿಚ್ಛೇದನ?"

"ನುಸಿ ಸೇರ್ಕೊಂಡಿದೆ. ದೀಪ ಇದ್ರೆ ಕಾಣುತ್ತೆ."

"ನುಸಿಗೆ ಸ್ಟ್ರಿಪ್ ಲೈಟು. ಇನ್ನು ಇಲಿಗೆ ಫ್ಯಾನು ಹಾಕಿ ಅಂತೀರಿ."

"ಹಾಕ್ತೀಯೋ ಇಲ್ವೋ?"

"ಅತ್ತಿಗೆ ಮಾತು ಮೀರಿ ಬದುಕಿದವರನ್ನ ನಾನಂತೂ ನೋಡಿಲ್ಲ" ಎಂದು ಅವನು ಚಹಾ ಮುಗಿಸಿದ.

ಮೈದುನನ ಕೆಲಸದ ರೀತಿಯೇ ಬೇರೆ. ಬೇರೆಯವರು ಬೀರುವಿನ ಎದುರು ನಿಂತು ಟೇಪು ಹಿಡಿದು ಅಳೆಯುತ್ತಾರೆ. ಇವನು ಮೊದಲು ಒಳಗೆ ಹೋಗಿ ಕುಳಿತು ಬಾಗಿಲು ಹಾಕಿಕೊಳ್ಳುತ್ತಿದ್ದ. ಕತ್ತಲು ಯಾವ ಮೂಲೆಯಲ್ಲಿ ಗಟ್ಟಿಯಾಗಿದೆ ಎಂದು ಒಳಗಿನಿಂದ ನೋಡಿದರೇ ತಿಳಿಯುವುದು ಎಂಬುದು ಅವನ ವಾದ. ಮಂಗಳವಾರ ಬೆಳಿಗ್ಗೆ ಬಂದವನು ಅಂಗಿಗಳನ್ನು ಅತ್ತಿತ್ತ ಸರಿಸಿ, ಬೀರುವಿನೊಳಗೆ ಮೊಣಕಾಲು ಮಡಚಿ ಕುಳಿತ. "ಹಾಕಿ ಬಾಗಿಲು" ಎಂದ. ಅವಳು ಹಾಕಿದಳು.

ಅದೇ ಹೊತ್ತಿಗೆ ನಿರ್ದೇಶಕರು ಬಂದರು. ನರೆತ ಗಡ್ಡ, ಮೆಲು ಮಾತು. ಬಂದವರು ಬೀರುವಿನ ಬಾಗಿಲಿಗೇ ಒರಗಿ ನಿಂತರು.

"ಅಕ್ಕ, ಒಂದು ಮಾತು. ಹೋದ ವಾರ ಕೋಟು ಬರೋದು ತಡ ಆಯ್ತಂತೆ. ನಮ್ಮ ದಪ್ಪ ನಟ ಪೀಪಾಯಿ ರಂಗದ ಅಂಚಲ್ಲಿ ಕೈ ಚಾಚ್ಕೊಂಡು ನಿಂತಿದ್ದನಂತೆ."

"ಕೊಕ್ಕೆ ಸಿಕ್ಕಿಹಾಕ್ಕೊಂಡಿತ್ತು ಸಾರ್" ಎಂದಳು ಬೀರಕ್ಕ.

"ಇರಬಹುದು. ಆದರೆ ಮಂದಿರದ ಮಂಡಳಿಯವರು ಆವತ್ತು ಅದನ್ನ ನೋಡಿದ್ರು. ಉಡುಪನ್ನೆಲ್ಲ ಮೇಲಿನ ಕೋಣೆಗೆ ಸಾಗಿಸಿ, ಹೊಸಬರನ್ನ ಯಾರನ್ನಾದ್ರೂ ಇಡೋಣ, ಅಕ್ಕಂಗೂ ವಯಸ್ಸಾಯ್ತು ಅಂತಿದಾರೆ. ಸದ್ಯಕ್ಕೆ ಬೇಡ ಅಂದಿದೀನಿ. ಇನ್ನೊಂದು ಸಲ ಎಡವಟ್ಟಾದ್ರೆ ನನ್ನ ಮಾತು ನಡೆಯಲ್ಲ. ನಿಮಗೇನೂ ತೊಂದರೆ ಇಲ್ಲ ತಾನೆ?"

"ನನಗೇನು ತೊಂದರೆ ಸಾರ್. ಗುಂಡುಕಲ್ಲಿನ ಹಾಗಿದೀನಿ."

ಬೀರುವಿನ ಒಳಗೆ ಯಾರೋ ಸೀನಿದರು.

ನಿರ್ದೇಶಕರು ಬಾಗಿಲಿನಿಂದ ಬೆನ್ನು ತೆಗೆದರು. "ಅದೇನು?"

"ಇಲಿ ಇರಬೇಕು ಸಾರ್."

"ಇಲಿ ಸೀನುತ್ತಾ ಅಕ್ಕ?" ಎಂದು ಅವರು ಬಾಗಿಲು ಎಳೆದರು. ಒಳಗೆ ಮೈದುನ ಮುದುಡಿ ಕುಳಿತಿದ್ದ. ಕೊಕ್ಕೆಯಿಂದ ಜಾರಿದ ಗರಿಯ ಟೋಪಿಯೊಂದು ಅವನ ತಲೆಯ ಮೇಲೆ ಕುಳಿತು, ಗರಿ ಮೂಗಿನ ತುದಿಗೆ ಬಂದಿತ್ತು.

"ದೀಪ ಹಾಕೋಕೆ ಅಳತೆ ತಗೋತಿದೀನಿ ಸಾರ್" ಎಂದ ಅವನು, ಕುಳಿತಲ್ಲಿಂದಲೇ ಕೈ ಜೋಡಿಸಿ.

"ಒಳಗೆ ಕೂತ್ಕೊಂಡಾ?"

"ಕತ್ತಲು ಒಳಗೇ ಅಲ್ವಾ ಸಾರ್ ಇರೋದು."

ನಿರ್ದೇಶಕರಿಗೆ ನಗು ತಡೆಯಲಾಗಲಿಲ್ಲ. "ಹಾಕಿ, ಬೇಡ ಅನ್ನಲ್ಲ. ಆದರೆ ರಂಗದ ಮೇಲೆ ಬೆಳಕಿನ ಒಂದು ಎಳೆ ಬಿದ್ರೂ ದೀಪಾನೂ ಇಲ್ಲ, ಬೀರೂ ಇಲ್ಲ" ಎಂದು ಹೇಳಿ ಹೋದರು.

ಮೈದುನ ಹೊರಗೆ ಬಂದು ಮೈ ಕೊಡವಿಕೊಂಡ. ಅತ್ತಿಗೆಯ ಮುಖವನ್ನು ಒಂದು ಗಳಿಗೆ ನೋಡಿದ. "ನಿಮಗೆ ಏನೇನೋ ಬರುತ್ತೆ ಅತ್ತಿಗೆ. ಸುಳ್ಳು ಹೇಳೋಕೆ ಮಾತ್ರ ಬರಲ್ಲ" ಎಂದ. ಅವಳು ಜಾರಿದ ಟೋಪಿಯನ್ನು ಕೊಕ್ಕೆಗೆ ಸಿಕ್ಕಿಸಿದಳು. ಅವನೂ ಕೆದಕಲಿಲ್ಲ. ಚೀಲದಿಂದ ಎಲ್‌ಇಡಿ ಪಟ್ಟಿಯ ಸುರುಳಿ ತೆಗೆದು ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, "ಹಿಂದಿನ ಕಾಗದದ ಅಂಚು ಸ್ವಲ್ಪ ಎಬ್ಬಿಸಿಕೊಡಿ" ಎಂದ. ಅಂಟಿನ ಮೇಲಿನ ತೆಳು ಕಾಗದ ಅದು. ಬೀರಕ್ಕ ಉಗುರಿನಿಂದ ಕೆರೆದಳು, ಹೆಬ್ಬೆರಳಿನಿಂದ ಉಜ್ಜಿದಳು, ತಿರುಗಿಸಿ ಮತ್ತೆ ಉಜ್ಜಿದಳು. ಕಾಗದದ ತುದಿ ಎರಡು ಸಲ ಎದ್ದು ಅವಳ ಬೆರಳಿನ ಮೇಲೆಯೇ ಬಾಗಿ ನಿಂತಿತ್ತು. ಅವಳಿಗೆ ತಿಳಿಯಲಿಲ್ಲ. ಮೈದುನ ಸುಮ್ಮನೆ ನೋಡಿದ, ಪಟ್ಟಿಯನ್ನು ಮೆಲ್ಲಗೆ ವಾಪಸು ತೆಗೆದುಕೊಂಡ.

"ಎಷ್ಟು ದಿನ ಆಯ್ತು?"

"ಏಳು ತಿಂಗಳು."

"ಅಣ್ಣಂಗೆ?"

"ಹೇಳಿಲ್ಲ. ನೀನೂ ಹೇಳ್ಬೇಡ. ಬೀಗದ ಕೈ ಹೋದ್ರೆ ನಾನೇನು ಮಾಡ್ಲೋ? ಮನೇಲಿ ಕೂತು ಗೋಡೆಗೆ ಕೋಟು ಹಾಕ್ಲಾ?"

"ಹೋಗಲ್ಲ" ಎಂದ ಮೈದುನ. "ಇನ್ಮೇಲೆ ಕೈ ಬೇಡ, ಕಣ್ಣಲ್ಲೇ ತೆಗೀತೀರಿ. ಇದು ನನ್ನ ಜವಾಬ್ದಾರಿ."

ಕೆಲಸ ಅಚ್ಚುಕಟ್ಟಾಗಿ ನಡೆಯಿತು. ಮೊದಲು ಬೀರುವನ್ನು ಬರಿದು ಮಾಡಿ ಒಣಬಟ್ಟೆಯಿಂದ ಒರೆಸಿದರು. ಧೂಳಿನ ಮೇಲೆ ಅಂಟು ನಿಲ್ಲುವುದಿಲ್ಲ. ಪಟ್ಟಿಯ ಮೇಲೆ ಮೂರು ಮೂರು ಬಲ್ಬಿಗೊಂದರಂತೆ ಕತ್ತರಿಯ ಗುರುತಿರುತ್ತದೆ. ಅಲ್ಲೇ ಕತ್ತರಿಸಬೇಕು, ಒಂದು ಕೂದಲೆಳೆ ಅತ್ತಿತ್ತ ಆದರೂ ಆ ತುಂಡು ಸತ್ತಂತೆ. ಹಿಂಬದಿಗೆ ದೀಪ ಹಾಕಿದರೆ ಬಟ್ಟೆಗಳೆಲ್ಲ ನೆರಳಾಗಿ ಕಾಣುತ್ತವೆಂದು, ಬಾಗಿಲ ಚೌಕಟ್ಟಿನ ಒಳಮೈಗೆ, ಬೆಳಕು ಬಟ್ಟೆಯ ಮೇಲೆ ಬೀಳುವ ಹಾಗೆ ಅಲ್ಯೂಮಿನಿಯಂ ಚಾನಲ್ಲಿನೊಳಗೆ ಅಂಟಿಸಿದ. ಅಡಾಪ್ಟರನ್ನು ಬೀರುವಿನ ತಲೆಯ ಮೇಲೆ ಇಟ್ಟ. ಬಾಗಿಲು ತೆಗೆದರೆ ತಾನೇ ಹೊತ್ತಿ, ಮುಚ್ಚಿದರೆ ಆರುವ ಪುಟ್ಟ ಸ್ವಿಚ್ಚು.

ಬುಧವಾರ ಪರೀಕ್ಷೆ. ಮಂದಿರದ ದೀಪಗಳನ್ನೆಲ್ಲ ಆರಿಸಿ ಬೀರಕ್ಕ ರಂಗದ ನಡುವೆ ನಿಂತಳು. ಮೈದುನ ಹಿಂದೆ ಖಾಲಿ ಬೀರುವಿನ ಬಾಗಿಲು ತೆಗೆದ. ಬಿಳಿ ಬೆಳಕು ಎದುರಿನ ಸುಣ್ಣದ ಗೋಡೆಗೆ ಬಡಿದು, ಪುಟಿದು, ಪರದೆಯ ಸಂದಿಯಿಂದ ನೇರವಾಗಿ ಅವಳ ಪಾದಕ್ಕೆ ಬಂದು ಬಿತ್ತು.

"ಬಂತೇನು ಅತ್ತಿಗೆ?"

"ಬಂತು. ಕಾಲು ತೊಳೆದ ಹಾಗೆ ಬಂತು."

ಮೈದುನ ತಲೆ ಕೆರೆದುಕೊಂಡ. ಆಮೇಲೆ ಅವನ ಕಣ್ಣು ರಂಗದ ಹಿಂದಿನ ಓಣಿಯ ಬಲ್ಬುಗಳ ಮೇಲೆ ಬಿತ್ತು. ನಟರು ಎಡವದಿರಲೆಂದು ಅಲ್ಲಿ ಮೊದಲಿನಿಂದಲೂ ಸಣ್ಣ ನೀಲಿ ದೀಪಗಳು ಉರಿಯುತ್ತಿದ್ದವು. ನೋಡುವವರ ಕಣ್ಣಿಗೆ ನೀಲಿ ತಾಗುವುದಿಲ್ಲ. "ಇಷ್ಟು ಹತ್ತಿರ ಇಟ್ಕೊಂಡು ಎಲ್ಲೋ ಹುಡುಕ್ತಿದೀವಲ್ಲ" ಎಂದ. ಬಿಳಿ ಪಟ್ಟಿ ಕಿತ್ತು ನೀಲಿ ಪಟ್ಟಿ ಹಾಕಿದ. ಮತ್ತೆ ಬೀರಕ್ಕ ರಂಗದ ಮೇಲೆ. ಈ ಸಲ ಒಂದು ಎಳೆಯೂ ಇಲ್ಲ. ಅವಳು ಬಗ್ಗಿ ನೋಡಿದಳು, ಕುಳಿತು ನೋಡಿದಳು, ಪ್ರೇಕ್ಷಕರ ಮೊದಲ ಸಾಲಿಗೆ ಹೋಗಿ ನೋಡಿದಳು. ಗಾಢ ಕತ್ತಲು. ಇಬ್ಬರಿಗೂ ಗೆದ್ದಷ್ಟು ಸಂತೋಷ. ಓಣಿಯ ದೊಡ್ಡ ದೀಪ ಹಾಕಿಕೊಂಡು, ಹರಟುತ್ತ, ಬಟ್ಟೆಗಳನ್ನು ಒಂದೊಂದಾಗಿ ಮತ್ತೆ ಬೀರುವಿಗೆ ತುಂಬಿದರು. ನೀಲಿ ಬೆಳಕಿನಲ್ಲಿ ಒಂದೇ ಒಂದು ಬಟ್ಟೆಯನ್ನು ಹಿಡಿದು ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಅವನಿಗೆ ಬೇಕಾದದ್ದು ಬೆಳಕು ಸೋರದಿರುವುದು. ಇನ್ನು ಅವಳು ಮೂವತ್ತೊಂದು ವರ್ಷ ಪ್ರದರ್ಶನದ ಹೊತ್ತಿನಲ್ಲಿ ಆ ಜಾಗದಲ್ಲಿ ಬಟ್ಟೆಗಳನ್ನು ಕಣ್ಣಿನಿಂದ ನೋಡಿದವಳೇ ಅಲ್ಲ.

ಭಾನುವಾರ ಮಧ್ಯಾಹ್ನದ ಪ್ರದರ್ಶನ. ಮಂಡಳಿಯವರು ಮೊದಲ ಸಾಲಿನಲ್ಲಿ. ನಾಟಕ ಅವಳಿ ಅಣ್ಣತಮ್ಮಂದಿರದು. ಒಬ್ಬ ಹೋಟೆಲಿನ ಬಾಗಿಲು ಕಾಯುವವನು, ಇನ್ನೊಬ್ಬ ನ್ಯಾಯಾಧೀಶ. ಎರಡೂ ಪಾತ್ರ ಒಬ್ಬನೇ ನಟನದು. ಹೊಟ್ಟೆಯ ಸುತ್ತಳತೆಯಿಂದಾಗಿ ಅವನಿಗೆ ಪೀಪಾಯಿ ಎಂದು ಹೆಸರು. ಬಾಗಿಲವನಿಗೆ ಕಡುಗೆಂಪು ಕೋಟು, ನ್ಯಾಯಾಧೀಶನಿಗೆ ಕಪ್ಪು. ಎರಡನ್ನೂ ಬೀರಕ್ಕನೇ ಒಂದೇ ಅಳತೆಗೆ, ಒಂದೇ ಮಾದರಿಗೆ ಹೊಲಿದಿದ್ದಳು. ಗುಂಡಿಗಳೂ ಒಂದೇ ಡಬ್ಬಿಯವು.

ಮೊದಲೆರಡು ಅಂಕ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಾಗಿದವು. ಟೋಪಿ, ಶಾಲು, ಕೈಚೀಲ, ಎಲ್ಲ ಕಣ್ಣಿಗೆ ಬಿದ್ದವು. ಮೂರನೆಯ ಅಂಕದಲ್ಲಿ ಪೀಪಾಯಿ ಬಾಗಿಲವನ ಕೋಟನ್ನು ಕಳಚಿ, ಸಿಕ್ಕ ಕೊಕ್ಕೆಗೆ ಸಿಕ್ಕಿಸಿ, ವಿಗ್ಗು ಬದಲಾಯಿಸಲು ಆಚೆ ಓಡಿದ. ಬಾಗಿಲು ಮುಚ್ಚಿತು. ಎರಡು ನಿಮಿಷದ ಮೇಲೆ ಬೀರಕ್ಕ ನ್ಯಾಯಾಧೀಶನ ಕೋಟಿಗಾಗಿ ಬಾಗಿಲು ತೆಗೆದಳು. ನೀಲಿ ಬೆಳಕಿನಲ್ಲಿ ಎರಡು ಕೋಟುಗಳು ಅಕ್ಕಪಕ್ಕ ನೇತಾಡುತ್ತಿದ್ದವು. ಎರಡೂ ಕಪ್ಪು.

ಕಣ್ಣುಜ್ಜಿಕೊಂಡು ನೋಡಿದಳು. ಎರಡೂ ಕಪ್ಪೇ. ಕೊರಳಪಟ್ಟಿಯೊಳಗೆ ಬೆರಳಾಡಿಸಿದಳು. ಗಂಟುಗಳು ಅಲ್ಲೇ ಇದ್ದವು, ಬೆರಳಿಗೆ ಮಾತ್ರ ಬರಿ ಬಟ್ಟೆ. ಹಿಂದಿನಿಂದ ಪೀಪಾಯಿ ಕೈ ಚಾಚಿ ನಿಂತಾಗಿತ್ತು. "ಅಕ್ಕ, ಬೇಗ" ಎಂದು ಪಿಸುಗುಟ್ಟಿದ. ದೇವರೇ ಎಂದು ಅವಳು ಬಲಗಡೆಯದನ್ನು ತೆಗೆದು ತೋಳಿಗೆ ಏರಿಸಿ, ಬೆನ್ನಿಗೆ ಗುದ್ದಿದಳು.

ಪೀಪಾಯಿ ಗಂಭೀರವಾಗಿ ಹೆಜ್ಜೆ ಹಾಕುತ್ತ ರಂಗದ ಬೆಳಕಿಗೆ ಹೋದ. ಕೋಟು ಹಣ್ಣಾದ ಮೆಣಸಿನಕಾಯಿಯ ಹಾಗೆ ಕೆಂಪಗೆ ಹೊಳೆಯಿತು.

ನ್ಯಾಯಾಲಯದ ದೃಶ್ಯದಲ್ಲಿದ್ದವರೆಲ್ಲ ಎದ್ದು ನಿಂತರು, ಕೂರುವುದನ್ನೇ ಮರೆತರು. ಗುಮಾಸ್ತನ ಪಾತ್ರ ಮಾಡುತ್ತಿದ್ದ ನಟಿ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಪೀಪಾಯಿ ಅವರ ಮುಖ ನೋಡಿ, ತನ್ನ ತೋಳು ನೋಡಿಕೊಂಡ. ಆಮೇಲೆ ಅವನು ನ್ಯಾಯಾಧೀಶನ ಪೀಠಕ್ಕೆ ಹೋಗಿ, ಕುರ್ಚಿ ಒರೆಸಿ, ತಾನೇ ಕುಳಿತು ಹೇಳಿದ:

"ಸಂಬಳ ಒಂದೇ, ಕೆಲಸ ಎರಡು. ಮೊದಲು ಬಾಗಿಲು ಕಾಯ್ಬೇಕು, ಆಮೇಲೆ ಒಳಗೆ ಬಂದು ನ್ಯಾಯ ಹೇಳ್ಬೇಕು. ಎಲ್ಲಿ, ಆರೋಪಿ ಬಂದ್ರೆ ಮೊದಲು ಸಾಮಾನು ಇಳಿಸ್ಕೊಳ್ಳೋಣ."

ಗುಮಾಸ್ತನ ಪಾತ್ರದ ನಟಿಗೆ ಮಾತು ಬಂತು. "ಸ್ವಾಮಿ, ಆರೋಪಿ ಎರಡು ದಿನಕ್ಕೆ ರೂಮು ಕೇಳ್ತಿದಾನೆ."

"ಎರಡು ದಿನ ಯಾಕೆ, ಆರು ತಿಂಗಳಿಗೇ ಕೊಡ್ತೀನಿ" ಎಂದು ಪೀಪಾಯಿ ಸುತ್ತಿಗೆ ಕುಟ್ಟಿದ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತಿತೆನ್ನುವಷ್ಟರಲ್ಲಿ ಹಿಂದಿನ ಸಾಲಿನಲ್ಲೊಬ್ಬರು ಮತ್ತೆ ಶುರುಮಾಡಿ ಎಲ್ಲರನ್ನೂ ಎಳೆದುಕೊಂಡರು. ರಂಗದ ಹಿಂದೆ ಬೀರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಳು ಬರುವುದರಲ್ಲಿತ್ತು. ಆದರೆ ಪೀಪಾಯಿಯ ಮಾತು ಕೇಳಿ ನಗುವೂ ಬಂತು. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು.

ಪರದೆ ಬಿದ್ದ ಮೇಲೆ ಎಲ್ಲರೂ ಬೀರುವಿನ ಸುತ್ತ ಸೇರಿದರು. ನಿರ್ದೇಶಕರು ಬಂದರು. ಅವರು ಬಾಯಿ ತೆರೆಯುವ ಮೊದಲೇ, ಕೊನೆಯ ಸಾಲಿನಿಂದ ಏದುಸಿರು ಬಿಡುತ್ತ ಓಡಿಬಂದ ಮೈದುನ ನಡುವೆ ನುಗ್ಗಿದ.

"ತಪ್ಪು ನಂದು ಸಾರ್. ಈಗ ತಲೆಗೆ ಹೋಯ್ತು" ಎಂದು ಓಣಿಯ ದೀಪ ಆರಿಸಿ ಬೀರು ತೆಗೆದ. ಪೀಪಾಯಿಯ ಮೈಮೇಲಿನ ಕೋಟನ್ನು ಕಳಚಿಸಿ, ಎರಡು ಕೋಟುಗಳನ್ನೂ ನೀಲಿ ಬೆಳಕಿಗೆ ಹಿಡಿದ. ಎರಡೂ ಕಪ್ಪು. ದೀಪ ಹಾಕಿದ. ಒಂದು ಕೆಂಪು, ಒಂದು ಕಪ್ಪು. "ನೀಲಿ ಬೆಳಕಲ್ಲಿ ಕೆಂಪು ಕಾಣಲ್ಲ. ಇಪ್ಪತ್ತು ವರ್ಷ ಲೈಟು ಹಾಕಿದೀನಿ, ನನಗೇ ತೋಚಲಿಲ್ಲ. ಅತ್ತಿಗೆ ಏನು ಮಾಡ್ತಾರೆ?"

"ಹಾಗಾದ್ರೆ ದೀಪದ ತಪ್ಪು" ಎಂದರು ನಿರ್ದೇಶಕರು. "ಅಕ್ಕಂದಲ್ಲ."

ಎಲ್ಲರೂ ಹೌದು ಹೌದೆಂದರು. ಅಲ್ಲಿಗೆ ಮಾತು ಮುಗಿಯಿತು. ಬೀರಕ್ಕ ತುಟಿ ಬಿಚ್ಚದಿದ್ದರೆ ಸಾಕಿತ್ತು, ಏಳು ತಿಂಗಳಿಂದ ಬಿಚ್ಚಿರಲಿಲ್ಲವಲ್ಲ. ಮೈದುನ ಕಣ್ಣಿನಲ್ಲೇ ಸುಮ್ಮನಿರಿ ಎಂದ. ಅವಳು ಸೊಂಟದಿಂದ ಬೀಗದ ಕೈ ಬಿಚ್ಚಿದಳು. ಗಂಟು ಬೆರಳಿಗೆ ಸಿಗದೆ ಸ್ವಲ್ಪ ಹೊತ್ತೇ ಹಿಡಿಯಿತು. ಅದನ್ನು ನಿರ್ದೇಶಕರ ಮುಂದೆ ಚಾಚಿದಳು.

"ದೀಪದ ತಪ್ಪು ಅರ್ಧ ಸಾರ್" ಎಂದಳು. "ಮುಂಚೆ ಆಗಿದ್ರೆ ದೀಪ ಏನಾದ್ರೂ ಹೇಳ್ಕೊಳ್ಳಲಿ, ನನ್ನ ಕೈ ಸರಿಯಾದ್ದನ್ನೇ ತೆಗೀತಿತ್ತು. ಈಗ ಬೆರಳಿಗೆ ಏನೂ ಗೊತ್ತಾಗಲ್ಲ. ಏಳು ತಿಂಗಳಾಯ್ತು. ಕೊಕ್ಕೆ ಸಿಕ್ಕಿಹಾಕ್ಕೊಂಡಿತ್ತು ಅಂದೆನಲ್ಲ, ಸುಳ್ಳು ಹೇಳಿದೆ. ಮಾನ ಕಾಯೋ ಕೆಲಸ ನಂದು. ಸುಳ್ಳಿಟ್ಕೊಂಡು ಮಾಡೋಕಾಗಲ್ಲ."

ಪೀಪಾಯಿ ಅಂಗೈಯಿಂದ ಮುಖದ ಬೆವರು ಒರೆಸಿಕೊಂಡ.

"ಏಳು ತಿಂಗಳಲ್ಲಿ ಪ್ರದರ್ಶನ ಎಷ್ಟಾಯ್ತು?" ಎಂದು ಕೇಳಿದರು ನಿರ್ದೇಶಕರು.

"ಇವತ್ತಿನದೂ ಸೇರಿ ಇಪ್ಪತ್ತೆಂಟು."

"ತಪ್ಪು ಬಟ್ಟೆ ಕೊಟ್ಟಿದ್ದು?"

"ಒಂದು. ಇವತ್ತು."

"ಅದಕ್ಕೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ನನ್ನ ಹದಿನಾರು ವರ್ಷದ ನಿರ್ದೇಶನಕ್ಕೆ ಒಬ್ಬರೂ ಎದ್ದಿಲ್ಲ" ಎಂದರು ಅವರು. ಸುತ್ತ ಇದ್ದವರು ನಕ್ಕರು. ನಿರ್ದೇಶಕರು ನಗಲಿಲ್ಲ. "ಕೋಪ ಇಲ್ಲ ಅಂತಲ್ಲ ಅಕ್ಕ. ನನಗೆ ಹೇಳಬೇಕಿತ್ತು. ಗುಂಡುಕಲ್ಲು ಅಂದ್ರಿ, ನಾನೂ ಅದನ್ನೇ ಮಂಡಳಿಯವರಿಗೆ ಹೇಳಿ ಬಂದೆ."

"ತಪ್ಪಾಯ್ತು ಸಾರ್."

"ಸಾರ್, ಹೊಸಬರನ್ನ ಇಡೋ ಮಾತಿದ್ರೆ ಒಂದು ನೆನಪು ಮಾಡ್ತೀನಿ" ಎಂದು ಪೀಪಾಯಿ ಗಂಟಲು ಸರಿಮಾಡಿಕೊಂಡ. "ಮೂರು ವರ್ಷದ ಹಿಂದೆ ಅಕ್ಕ ಒಂದೇ ಒಂದು ವಾರ ರಜಾ ಹಾಕಿದ್ರು. ಆ ವಾರ ನಾನು ಪ್ಯಾಂಟು ಹಿಂದುಮುಂದಾಗಿ ಹಾಕ್ಕೊಂಡು ಸತ್ತೆ. ಆ ಸಾವಿನ ದೃಶ್ಯ ನೋಡಿದವರು ಇನ್ನೂ ಮರೆತಿಲ್ಲ."

ನಿರ್ದೇಶಕರು ಬೀಗದ ಕೈಯನ್ನು ತೆಗೆದುಕೊಳ್ಳಲಿಲ್ಲ. "ಮಂಡಳಿಯವರಿಗೆ ನಾನು ನಿಜಾನೇ ಹೇಳ್ತೀನಿ. ಒಂದು ವಾರ ಕೇಳ್ಕೋತೀನಿ. ಮುಂದಿನ ಭಾನುವಾರ ಈ ಬೀರು ಸರಿಯಾಗಿ ನಡೀಬೇಕು. ಆವತ್ತು ಕಪ್ಪು ಕಪ್ಪಾಗಿ ಬಂದ್ರೆ ಬೀಗದ ಕೈ ನಿಮ್ಮದೇ. ಇಲ್ಲ ಅಂದ್ರೆ ಮೇಲಿನ ಕೋಣೆ."

ಆ ವಾರ ಅತ್ತಿಗೆ ಮೈದುನರಿಬ್ಬರೂ ಬೀರುವಿನ ಬಳಿಯೇ ಬಿಡಾರ ಹೂಡಿದರು. ನೀಲಿ ಪಟ್ಟಿ ಹೋಯಿತು, ಬಣ್ಣವನ್ನು ಇದ್ದ ಹಾಗೇ ತೋರಿಸುವ ಒಳ್ಳೆಯ ಬಿಳಿ ಪಟ್ಟಿ ಬಂತು. ಜೊತೆಗೆ ಬೆಳಕು ತಗ್ಗಿಸುವ ಒಂದು ಡಿಮ್ಮರ್. ಎಷ್ಟು ಕಡಿಮೆ ಮಾಡಿದರೂ ಗೋಡೆಯಿಂದ ಪುಟಿದ ಬೆಳಕು ಸಂದಿಯಲ್ಲಿ ಇಣುಕುತ್ತಿತ್ತು. ಮೈದುನ ಪಟ್ಟಿಯನ್ನು ಓರೆ ಮಾಡಿದ, ರಟ್ಟಿನ ಮರೆ ಕಟ್ಟಿದ, ತಾನೇ ಮತ್ತೊಮ್ಮೆ ಬೀರುವಿನೊಳಗೆ ಹೋಗಿ ಕುಳಿತ. ಬೀರಕ್ಕ ರಂಗದ ಮೇಲೆ ನಿಂತು ನೋಡಿದಳು, ಬಂದು ಗೋಡೆಯನ್ನು ನೋಡಿದಳು.

"ಲೋ, ದೀಪಾನ ಯಾಕೆ ಹಿಂಸೆ ಮಾಡ್ತೀಯ" ಎಂದಳು. "ಬೆಳಕು ಬೀರುವಿಂದ ಬರ್ತಿಲ್ಲ. ಈ ಸುಣ್ಣದ ಗೋಡೆಯಿಂದ ಬರ್ತಿದೆ. ಗೋಡೆಗೆ ಬಟ್ಟೆ ತೊಡಿಸಿದ್ರಾಯ್ತಲ್ಲ."

ಒಳಗಿನಿಂದ ಮೈದುನನ ದನಿ ಬಂತು. "ಎರಡು ದಿನದಿಂದ ನಾನು ಇಲ್ಲಿ ಕೂತು ಮೊಣಕಾಲು ಸವೆಸಿಕೊಂಡೆ. ಇದನ್ನ ಮೊನ್ನೇನೇ ಹೇಳೋದಲ್ವಾ ಅತ್ತಿಗೆ?"

"ಮೊನ್ನೆ ನೀನು ಕೇಳಲಿಲ್ಲ."

ಹಳೆಯ ಕಪ್ಪು ಪರದೆಯ ತುಂಡುಗಳನ್ನು ಅವಳು ಯಂತ್ರದಲ್ಲಿ ಹೊಲಿದು ಗೋಡೆಯುದ್ದಕ್ಕೂ ಇಳಿಬಿಟ್ಟಳು. ಕಣ್ಣಿನ ಎದುರಿರುವ ಹೊಲಿಗೆಗೆ ಬೆರಳು ತಕರಾರು ಮಾಡಲಿಲ್ಲ. ಗುರುವಾರ ಸಂಜೆ ಮೈದುನ ಬಾಗಿಲು ತೆಗೆದಾಗ ರಂಗದ ಮೇಲೆ ಬೆಳಕಿನ ಸುಳಿವೇ ಇಲ್ಲ. ಬೀರುವಿನೊಳಗೆ ಮಾತ್ರ ಹಗಲು. ಬೀರಕ್ಕ ಎದುರು ನಿಂತು ತನ್ನ ಬಟ್ಟೆಗಳನ್ನು ನೋಡಿದಳು. ಎಲ್ಲವೂ ಗೊತ್ತಿದ್ದವೇ, ಆದರೂ ಒಂದು ದೊಡ್ಡ ಬಳಗ ಮೊದಲ ಸಲ ಮುಖ ತೋರಿಸಿದ ಹಾಗಿತ್ತು. ವೈದ್ಯನ ಅಂಗಿಯ ತೋಳನ್ನು ಎಳೆದು ನೋಡಿದಳು.

"ಅಯ್ಯೋ ದೇವರೇ. ಈ ಹಸಿರು ಅಂಗಿಗೆ ನೀಲಿ ದಾರದಲ್ಲಿ ತೇಪೆ ಹಾಕಿದೀನಲ್ಲೋ."

"ಕತ್ತಲಲ್ಲಿ ಹಾಕಿದ್ದಲ್ವಾ."

"ಹನ್ನೆರಡು ವರ್ಷದಿಂದ ಹೀಗೇ ಓಡಾಡ್ತಿದಾನೆ ವೈದ್ಯ. ಒಬ್ಬರಾದ್ರೂ ಹೇಳೋದಲ್ವಾ?"

ಆ ರಾತ್ರಿ ಊಟದ ಹೊತ್ತಿಗೆ ಗಂಡನ ಫೋನು ಬಂದಾಗ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಆ ಕಡೆ ಅವನು ಲಾರಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ ಸದ್ದು ಕೇಳಿಸಿತು. "ಬರೋ ತಿಂಗಳು ಆಸ್ಪತ್ರೆಗೆ ನಾನೂ ಜೊತೆಗೆ ಬರ್ತೀನಿ" ಎಂದ ಅವನು. ಆಮೇಲೆ, "ಬೆರಳಿನ ಜೋರು ಕಡಿಮೆ ಆದ್ರೂ ಬಾಯಿ ಜೋರು ಹಾಗೇ ಇದೆಯಲ್ಲ, ಅಷ್ಟು ಸಾಕು ನನಗೆ" ಎಂದ. ಅವಳು ಬೈದಳು. ಬೈದು ಮುಗಿದಾಗ ಮನಸ್ಸು ಹ‌ತ್ತಿಯಷ್ಟು ಹಗುರವಾಗಿತ್ತು.

ಭಾನುವಾರ ಮಂದಿರ ಕಿಕ್ಕಿರಿದಿತ್ತು. ಕೆಂಪು ಕೋಟಿನ ನ್ಯಾಯಾಧೀಶನ ಸುದ್ದಿ ಬಾಯಿಂದ ಬಾಯಿಗೆ ಹರಡಿ, ಒಮ್ಮೆ ನೋಡಿದವರೂ ನಂಟರನ್ನು ಕಟ್ಟಿಕೊಂಡು ಮತ್ತೆ ಬಂದಿದ್ದರು. ಮಂಡಳಿಯವರು ಈ ಸಲವೂ ಮೊದಲ ಸಾಲಿನಲ್ಲಿ. ಮೂರನೆಯ ಅಂಕಕ್ಕೆ ಮುಂಚೆ ನಿರ್ದೇಶಕರು ತಾವೇ ರಂಗದ ಹಿಂದೆ ಬಂದು, ದೂರದಲ್ಲಿ ಕೈಕಟ್ಟಿ ನಿಂತರು. ಮೈದುನ ಅವರ ಪಕ್ಕದಲ್ಲಿ ಉಗುರು ಕಚ್ಚುತ್ತಿದ್ದ.

ಪೀಪಾಯಿ ಓಡಿಬಂದು ಬಾಗಿಲವನ ಕೋಟನ್ನು ಕಳಚಿ, ಎಂದಿನ ಹಾಗೆ ಸಿಕ್ಕ ಕೊಕ್ಕೆಗೆ ಸಿಕ್ಕಿಸಿ ಹೋದ. ವಿಗ್ಗು ಬದಲಾಯಿಸಿ ಬಂದು ಬೆನ್ನು ತಿರುಗಿಸಿ ಕೈ ಚಾಚಿದ. ಬೀರಕ್ಕ ಬಾಗಿಲು ತೆಗೆದಳು. ಮೆಲ್ಲನೆಯ ಬಿಳಿ ಬೆಳಕು. ಕೆಂಪು ಕೆಂಪಾಗಿತ್ತು, ಕಪ್ಪು ಕಪ್ಪಾಗಿತ್ತು. ಅವಳು ಕಪ್ಪನ್ನು ತೆಗೆದು ಒಂದು ತೋಳು ಏರಿಸಿದಳು, ಇನ್ನೊಂದು ತೋಳು ಏರಿಸಿದಳು. ಇನ್ನು ಬೆನ್ನಿಗೆ ಗುದ್ದಬೇಕು, ಅಷ್ಟರಲ್ಲಿ ಭುಜದ ಮೇಲೆ ಬಿಳಿಯ ದಾರದ ಎಳೆಯೊಂದು ಕಂಡಿತು.

"ತಡಿ."

"ಏನಕ್ಕ?"

"ದಾರ ಇದೆ." ಅವಳು ಹಿಡಿದಳು, ಎಳೆ ಜಾರಿತು. ಬೆರಳಿಗೆ ಅದು ಇದ್ದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಆದರೆ ಕಣ್ಣು ಅದನ್ನು ಬಿಡಲಿಲ್ಲ. ಇನ್ನೊಮ್ಮೆ ಹಿಡಿದಳು.

"ಬಿಡಿ ಅಕ್ಕ, ನ್ಯಾಯಾಲಯ ಎದ್ದು ನಿಂತಿದೆ."

"ನಿಂತಿರಲಿ. ಅಲ್ಲಾಡಬೇಡ." ಮೂರನೆಯ ಸಲ ಎಳೆ ಬಂತು. ಆಮೇಲೆ ಗುದ್ದು ಬಿತ್ತು.

ಪೀಪಾಯಿ ಕಪ್ಪು ಕೋಟಿನಲ್ಲಿ ರಂಗಕ್ಕೆ ಕಾಲಿಟ್ಟ. ಮಂದಿರದ ಹಿಂದಿನ ಸಾಲಿನಿಂದ ಒಬ್ಬರು ನಿರಾಸೆಯಿಂದ ಕೂಗಿದರು. "ಕೆಂಪು ಕೋಟು ಎಲ್ಲಿ ಸ್ವಾಮಿ?"

"ಒಗೆಯೋಕೆ ಹಾಕಿದೀನಿ" ಎಂದ ಪೀಪಾಯಿ, ಪೀಠ ಏರುತ್ತ. ಮತ್ತೆ ಮಂದಿರವೆಲ್ಲ ನಗು.

ನಿರ್ದೇಶಕರು ಕೈಕಟ್ಟು ಬಿಚ್ಚಿ, ಬೀರಕ್ಕನ ಸೊಂಟದ ಬೀಗದ ಕೈಯ ಕಡೆ ಬೆರಳು ತೋರಿಸಿ ತಲೆಯಾಡಿಸಿದರು. ಅದು ಅಲ್ಲೇ ಇರಲಿ ಎಂದು. ಮೈದುನ ಉಗುರು ಕಚ್ಚುವುದನ್ನು ನಿಲ್ಲಿಸಿ ನೆಲದ ಮೇಲೆ ಕುಳಿತುಬಿಟ್ಟ. ಬೀರಕ್ಕ ಬಾಗಿಲನ್ನು ಮುಚ್ಚಲು ಹೋದವಳು ಮುಚ್ಚಲಿಲ್ಲ. ಒಂದು ಗೇಣು ತೆರೆದು ಒಳಗೆ ಇಣುಕಿದಳು. ಕೆಂಪು ಕೋಟು ತನ್ನ ಕೊಕ್ಕೆಯಲ್ಲಿ ಬೆಚ್ಚಗೆ ನೇತಾಡುತ್ತಿತ್ತು.

"ಸುಳ್ಳ" ಎಂದಳು ಮೆಲ್ಲಗೆ, ರಂಗದ ಕಡೆ ನೋಡಿ. "ಇಲ್ಲೇ ಇದೆ."